ಖಂತಿ ಮತ್ತು ಒಬ್ಬ ಬೇಸ್‌ಬಾಲ್ ಆಟಗಾರ



ಖಂತಿ ಪಾರಮಿ ಓದಿದ ದಿನ ನಮ್ಮ ಬಳಗದ ಹುಡುಗನೊಬ್ಬ ಕೇಳಿದ: "ಬೈಸ್ಕೊಂಡು ಸುಮ್ನಿರೋದು ತಾಳ್ಮೆನಾ, ಹೇಡಿತನಾನಾ?" ಅಂದು ನನ್ನಿಂದ ಸರಿಯಾಗಿ ಉತ್ತರಿಸಲಾಗಲಿಲ್ಲ. ಇವತ್ತು ಅಮೆರಿಕದ ಜಾಕಿ ರಾಬಿನ್ಸನ್ ಅವರ ವಿಷಯ ಹೇಳುತ್ತೇನೆ.

ಅವರು ಹುಟ್ಟಿದ್ದು 1919ರಲ್ಲಿ, ಜಾರ್ಜಿಯಾ ರಾಜ್ಯದಲ್ಲಿ, ಪಾಲಿಗೆ ಬೇಸಾಯ ಮಾಡುತ್ತಿದ್ದ ಕಪ್ಪುಜನರ ಮನೆಯಲ್ಲಿ. ತಂದೆ ಬಿಟ್ಟುಹೋದರು. ತಾಯಿ ಮ್ಯಾಲಿ ಐದು ಮಕ್ಕಳನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ಸೇರಿ, ಮನೆಗೆಲಸ ಮಾಡಿ ಸಾಕಿದರು. ಅಣ್ಣ ಮ್ಯಾಕ್ 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಓಟದ ಬೆಳ್ಳಿ ಗೆದ್ದು ಬಂದರೂ ಊರಲ್ಲಿ ಸಿಕ್ಕಿದ್ದು ಬೀದಿ ಗುಡಿಸುವ ಕೆಲಸ. ಇದನ್ನು ನಮಗೆ ಬಿಡಿಸಿ ಹೇಳಬೇಕಿಲ್ಲ.

1944ರಲ್ಲಿ ಜಾಕಿ ಸೇನೆಯಲ್ಲಿ ಲೆಫ್ಟಿನೆಂಟ್. ಟೆಕ್ಸಾಸ್‌ನ ಶಿಬಿರದಲ್ಲಿ ಬಸ್ ಚಾಲಕ ಹಿಂದಿನ ಸೀಟಿಗೆ ಹೋಗು ಎಂದಾಗ ಅವರು ಏಳಲಿಲ್ಲ. ಕೋರ್ಟ್ ಮಾರ್ಷಲ್ ನಡೆಯಿತು, ಖುಲಾಸೆಯಾಯಿತು. ಹೇಡಿಯಲ್ಲ ಎಂಬುದಕ್ಕೆ ಇಷ್ಟು ಸಾಕು.

ಆಗ ಬೇಸ್‌ಬಾಲಿನ ದೊಡ್ಡ ಲೀಗುಗಳಲ್ಲಿ ಬಿಳಿಯರು ಮಾತ್ರ. ಕಪ್ಪು ಆಟಗಾರರಿಗೆ ಬೇರೆ ಲೀಗು. 1945ರ ಆಗಸ್ಟ್‌ನಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಬ್ರಾಂಚ್ ರಿಕಿ ಇವರನ್ನು ಕರೆಸಿ, ಮುಂದೆ ಕೇಳಬೇಕಾಗುವ ಬೈಗುಳಗಳನ್ನೆಲ್ಲ ತಾವೇ ಬೈದು ತೋರಿಸಿದರು. ತಿರುಗಿ ಹೊಡೆಯಬಾರದು, ಅದೇ ಷರತ್ತು. ಇವರು ಒಂದು ಏಟು ಕೊಟ್ಟರೆ ಹಿಂದೆ ಬರುವವರಿಗೆಲ್ಲ ಬಾಗಿಲು ಮುಚ್ಚುತ್ತಿತ್ತು. ಜಾಕಿ ಯೋಚಿಸಿ ಒಪ್ಪಿದರು.

1946ರಲ್ಲಿ ಕೆನಡಾದ ಮಾಂಟ್ರಿಯಲ್ ತಂಡದಲ್ಲಿ ಒಂದು ವರ್ಷ ಪಳಗಿದರು. 1947ರ ಏಪ್ರಿಲ್ 15ರಂದು ಡಾಡ್ಜರ್ಸ್ ಪರ ಕಣಕ್ಕಿಳಿದರು. ಒಂದೇ ವಾರಕ್ಕೆ ಫಿಲಡೆಲ್ಫಿಯಾ ತಂಡ ಬಂತು. ಅದರ ಮ್ಯಾನೇಜರ್ ಬೆನ್ ಚಾಪ್‌ಮನ್ ಮತ್ತು ಆಟಗಾರರು ಬಣ್ಣ ಹಿಡಿದು ಕೇಳಬಾರದ್ದನ್ನೆಲ್ಲ ಕೂಗಿದರು. ಆ ದಿನ ತಾಳ್ಮೆ ಕಳೆದುಕೊಳ್ಳುವ ಅಂಚಿಗೆ ಬಂದಿದ್ದೆನೆಂದು ಜಾಕಿ ಆಮೇಲೆ ಬರೆದಿದ್ದಾರೆ. ಅಂದರೆ ಕೋಪ ಬರಲಿಲ್ಲವೆಂದಲ್ಲ. ಬೇಸ್‌ಬಾಲಿನಲ್ಲಿ ಬೇಸ್ ಕದಿಯುವುದು ಎಂಬುದೊಂದಿದೆ: ಎದುರಾಳಿ ಚೆಂಡೆಸೆಯುವ ಹೊತ್ತು ನೋಡಿ ಮುಂದಿನ ಬೇಸಿಗೆ ಓಡಿಬಿಡುವುದು, ನಿಯಮದೊಳಗೇ. ಎಂಟನೇ ಸರದಿಯಲ್ಲಿ ಜಾಕಿ ಎರಡನೇ ಬೇಸ್ ಕದ್ದರು, ಮೂರನೆಯದಕ್ಕೆ ಹೋದರು, ಕೊನೆಗೆ ಮನೆ ಮುಟ್ಟಿದರು. ಇಡೀ ಪಂದ್ಯದಲ್ಲಿ ಬಂದದ್ದು ಅದೊಂದೇ ರನ್. ಡಾಡ್ಜರ್ಸ್ ಗೆದ್ದಿತು. ಆ ಸರಣಿ ಮುಗಿಯುವುದರೊಳಗೆ ಬಿಳಿಯ ಸಹ ಆಟಗಾರನೊಬ್ಬನೇ ಎದ್ದು ಫಿಲಡೆಲ್ಫಿಯಾದವರಿಗೆ ಝಾಡಿಸಿದ.

ಈ ಮೌನಕ್ಕೆ ಅವಧಿಯೂ ಇತ್ತು. ಅದು ಮುಗಿದ ಮೇಲೆ ಜಾಕಿ ಅಂಪೈರ್‌ಗಳೊಂದಿಗೆ ವಾದಿಸಿದರು, ಕೆಣಕಿದವರಿಗೆ ಬಾಯಿಬಿಟ್ಟೇ ಉತ್ತರ ಕೊಟ್ಟರು. 1949ರಲ್ಲಿ ಆ ಲೀಗಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಬಂದದ್ದೂ ಅವರಿಗೇ.