ನಗರದ ನೆಲವೂ ನಗರದ ನ್ಯಾಯವಾದಿಯೂ

ನೆಲಕ್ಕೆ ಎಲ್ಲೆಯನ್ನು ಗೊತ್ತುಮಾಡಿ, ಆ ಎಲ್ಲೆಯೊಳಗೆ ಯಾವ ಕಾರ್ಯ ನಡೆಯತಕ್ಕುದೆಂಬುದನ್ನು ಬರೆದಿಡುವ ಪದ್ಧತಿ ಕನ್ನಡ ನಾಡಿಗೆ ಹೊಸದಲ್ಲ. ಹಳೆಯ ದಾನಶಾಸನಗಳನ್ನು ಓದಿದವರಿಗೆ ಅವುಗಳ ಕ್ರಮ ಪರಿಚಿತವಾಗಿರುವುದು. ದತ್ತಿಯ ಭೂಮಿಗೆ ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ಚತುಸ್ಸೀಮೆಯನ್ನು ಹೇಳಿ, ಇದು ದೇವರ ಅಂಗಭೋಗಕ್ಕೆ, ಇದು ವಿದ್ಯಾದಾನಕ್ಕೆ, ಇದು ಕೆರೆಯ ರಕ್ಷಣೆಗಾಗಿ ಬಿಟ್ಟ ಬಿತ್ತುವಟ್ಟ ಎಂದು ವಿನಿಯೋಗವನ್ನು ನಿರ್ದೇಶಿಸಿ, ಕಡೆಯಲ್ಲಿ ಆ ಧರ್ಮವನ್ನು ಅಳಿದವನಿಗೆ ಘೋರವಾದ ಶಾಪವನ್ನು ಕೆತ್ತಿಸುತ್ತಿದ್ದರು. ಇಂದು ಶಾಪವಾಕ್ಯದ ಸ್ಥಾನದಲ್ಲಿ ಅಧಿನಿಯಮದ ಪ್ರಕರಣವು ನಿಂತಿದೆ. ಅದನ್ನು ಕಾಯುವ ಹೊಣೆಯ ಬಹುಭಾಗ ನಗರಪಾಲಿಕೆ, ಪುರಸಭೆ, ನಗರಾಭಿವೃದ್ಧಿ ಪ್ರಾಧಿಕಾರಗಳಲ್ಲಿ ಕೆಲಸಮಾಡುವ ಕಾನೂನು ಅಧಿಕಾರಿಯ ಮೇಲೆ ಬಿದ್ದಿದೆ. ಕಾನೂನು ಓದಬಯಸುವ ವಿದ್ಯಾರ್ಥಿಗಳೂ, ವಿದ್ಯಾಸಂಸ್ಥೆಗಳಿಗೆ ಭೂದಾನ ಮಾಡುವ ಮಹನೀಯರೂ ಈ ಕಾಯಕದ ಸ್ವರೂಪವನ್ನು ಅರಿತಿರುವುದು ಉಚಿತ.

ವಕೀಲ ಎಂಬುದು ಅರಬ್ಬೀ ಮೂಲದ ಶಬ್ದ. ಒಬ್ಬರ ಪರವಾಗಿ ಕಾರ್ಯವನ್ನು ವಹಿಸಿಕೊಂಡವನು ಎಂದು ಅರ್ಥ. ಸಾಮಾನ್ಯ ವಕೀಲನಿಗೆ ತನ್ನ ಕಕ್ಷಿಗಾರ ಯಾರೆಂಬ ಸಂದೇಹವಿಲ್ಲ. ವಕಾಲತ್ತಿಗೆ ರುಜು ಹಾಕಿದವನೇ ಕಕ್ಷಿಗಾರ. ನಗರದ ನ್ಯಾಯವಾದಿಗೆ ಮಾತ್ರ ಈ ಪ್ರಶ್ನೆ ಪ್ರತಿದಿನವೂ ಏಳುವುದು. ಅಧ್ಯಕ್ಷರೇ? ಆಯುಕ್ತರೇ? ಠರಾವಿಗೆ ಕೈಯೆತ್ತಿದ ಸದಸ್ಯರೇ? ಅಥವಾ ಆ ಊರಿನ ನಿವಾಸಿಗಳೇ, ಇನ್ನೂ ಹುಟ್ಟದಿರುವ ನಿವಾಸಿಗಳೂ ಸೇರಿದಂತೆ? ಈ ಪ್ರಶ್ನೆ ಭೂಬಳಕೆಯ ವಿಷಯದಲ್ಲಿ ತೀವ್ರವಾಗುವಷ್ಟು ಬೇರೆ ವಿಷಯದಲ್ಲಿ ಆಗದು. ತಪ್ಪಾಗಿ ವಸೂಲಾದ ತೆರಿಗೆಯನ್ನು ಹಿಂದಿರುಗಿಸಬಹುದು. ಕಟ್ಟಡವೆದ್ದ ಮೈದಾನವನ್ನು ಹಿಂದಿರುಗಿಸುವುದು ಸುಲಭವಲ್ಲ.

ನಗರದ ನೆಲವನ್ನು ವಾಸಕ್ಕೆ, ವ್ಯಾಪಾರಕ್ಕೆ, ಕೈಗಾರಿಕೆಗೆ ಎಂದು ವಲಯಗಳಾಗಿ ವಿಂಗಡಿಸುವ ಅಧಿಕಾರವೇ ಒಂದು ಕಾಲಕ್ಕೆ ವಿವಾದಾಸ್ಪದವಾಗಿತ್ತು. ಅಮೆರಿಕದ ಒಹಾಯೊ ರಾಜ್ಯದ ಯೂಕ್ಲಿಡ್ ಎಂಬ ಗ್ರಾಮವು 1922ರಲ್ಲಿ ಇಂತಹ ನಿಯಮವನ್ನು ಮಾಡಿದಾಗ, ಅಲ್ಲಿ 68 ಎಕರೆ ನೆಲವಿದ್ದ ಆಂಬ್ಲರ್ ಎಂಬ ಭೂವ್ಯವಹಾರದ ಸಂಸ್ಥೆ ನ್ಯಾಯಾಲಯಕ್ಕೆ ಹೋಯಿತು. ಕಾರ್ಖಾನೆಗಾದರೆ ಎಕರೆಗೆ 10,000 ಡಾಲರು ದೊರೆಯುವ ನೆಲಕ್ಕೆ ಮನೆಗಳಿಗಾದರೆ 2,500 ಡಾಲರು ಮಾತ್ರ ಬರುವುದೆಂಬುದು ಅದರ ವಾದ. ಸಂಸ್ಥೆಯ ಪರ ನಿಂತವರು ಹಿಂದೆ ಕ್ಲೀವ್‌ಲ್ಯಾಂಡ್ ನಗರದ ಮೇಯರೂ ಅಮೆರಿಕದ ಯುದ್ಧಸಚಿವರೂ ಆಗಿದ್ದ ನ್ಯೂಟನ್ ಬೇಕರ್. ಗ್ರಾಮದ ಪರ ಜೇಮ್ಸ್ ಮೆಟ್ಜೆನ್‌ಬಾಮ್. ಕೆಳಗಿನ ನ್ಯಾಯಾಲಯದಲ್ಲಿ ಗ್ರಾಮವು ಸೋತಿತು. 1926ರ ನವೆಂಬರಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಗ್ರಾಮದ ಅಧಿಕಾರವನ್ನು ಎತ್ತಿಹಿಡಿಯಿತು. ಊರಿನ ವಕೀಲನು ಊರಿನ ಯೋಜನೆಯನ್ನು ಉಳಿಸಿಕೊಂಡ ಪ್ರಸಂಗವಿದು.

ಕರ್ನಾಟಕದಲ್ಲಿ ಈ ಅಧಿಕಾರವು ಮುಖ್ಯವಾಗಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದಿಂದ ಬಂದುದು. ಯೋಜನೆಯ ನಕ್ಷೆಯಲ್ಲಿ ವಾಸದ ಪ್ರದೇಶಕ್ಕೆ ಹಳದಿ, ಉದ್ಯಾನಕ್ಕೆ ಹಸುರು, ಹೀಗೆ ಬಣ್ಣ ಹಚ್ಚಿರುತ್ತಾರೆ. ನೋಡುವವರಿಗೆ ಅದು ಚಿತ್ರ. ಕಾನೂನು ಅಧಿಕಾರಿಗೆ ಅದು ಶಾಸನ. ಆದರೆ ಇಲ್ಲಿಯ ಎರಡು ಪ್ರಸಿದ್ಧ ಮೊಕದ್ದಮೆಗಳಲ್ಲಿ ಯೋಜನೆಯನ್ನು ಉಳಿಸಲು ಹೋರಾಡಿದವರು ನೆರೆಹೊರೆಯ ನಿವಾಸಿಗಳು. ಯೋಜನೆಯನ್ನು ಕಾಯಬೇಕಾಗಿದ್ದ ಸಂಸ್ಥೆಯೇ ಎದುರು ಪಕ್ಷದಲ್ಲಿತ್ತೆಂಬುದು ವಿಷಾದದ ಸಂಗತಿ.

ಮೊದಲನೆಯದು ಉಡುಪಿಯದು. ವಾಸದ ಪ್ರದೇಶವೊಂದರಲ್ಲಿ ಕಲ್ಯಾಣಮಂಟಪ ಮತ್ತು ಉಪನ್ಯಾಸ ಮಂದಿರವೆಂದು ಅನುಮತಿ ಪಡೆದ ಕಟ್ಟಡವನ್ನು ಸಿನಿಮಾ ಮಂದಿರವಾಗಿ ಮಾರ್ಪಡಿಸಲು ಪುರಸಭೆಯು ಒಪ್ಪಿತು. ನೆರೆಯ ನಿವಾಸಿ ರಾಮದಾಸ ಶೆಣೈ ಎಂಬವರು ಪ್ರಶ್ನಿಸಿದರು. ಒಪ್ಪಿಗೆಯು ಯೋಜನೆಗೆ ವಿರುದ್ಧವೆಂದು ಹೈಕೋರ್ಟು ಕಂಡುಕೊಂಡಿತಾದರೂ, ಕಟ್ಟುವವರು ಆಗಲೇ ಹಣ ಸುರಿದಿರುವರೆಂಬ ಕಾರಣದಿಂದ ಅದನ್ನು ಕದಲಿಸಲಿಲ್ಲ. 1974ರಲ್ಲಿ ಸುಪ್ರೀಂ ಕೋರ್ಟು ಈ ನಿಲುವನ್ನು ತಳ್ಳಿಹಾಕಿತು. ಕಾನೂನು ಕೊಡದ ಅಧಿಕಾರವು ಯಾರ ಮೌನದಿಂದಲೂ, ಯಾರ ವೆಚ್ಚದಿಂದಲೂ ಹುಟ್ಟಲಾರದೆಂಬುದು ಆ ತೀರ್ಪಿನ ತಾತ್ಪರ್ಯ. “ಆದದ್ದಾಯಿತು, ಸಕ್ರಮ ಮಾಡಿಬಿಡಿ” ಎಂಬ ಮಾತು ಕಛೇರಿಗಳಲ್ಲಿ ಕೇಳಿಬಂದಾಗಲೆಲ್ಲ ಕಾನೂನು ಅಧಿಕಾರಿಯು ಕಡತದಲ್ಲಿ ಬರೆಯಬೇಕಾದ ಉತ್ತರ ಈ ತೀರ್ಪಿನಲ್ಲಿದೆ.

ಎರಡನೆಯದು ಇನ್ನೂ ಸೂಕ್ಷ್ಮವಾದುದು. ಸಿನಿಮಾ ಮಂದಿರವನ್ನು ವಿರೋಧಿಸುವುದು ಸುಲಭ. ಆಸ್ಪತ್ರೆಯನ್ನು ವಿರೋಧಿಸುವವರು ಯಾರು? ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯ ಯೋಜನೆಯಲ್ಲಿ ಸಾರ್ವಜನಿಕ ಉದ್ಯಾನಕ್ಕೆಂದು ಕಾದಿರಿಸಿದ್ದ ಬಯಲನ್ನು, ರಾಜ್ಯ ಸರ್ಕಾರದ ಆದೇಶಗಳಂತೆ, 1976ರ ಜುಲೈ ತಿಂಗಳಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಠರಾವು ಮಾಡಿ ಒಂದು ವೈದ್ಯಕೀಯ ಟ್ರಸ್ಟಿಗೆ ಆಸ್ಪತ್ರೆ ಕಟ್ಟಲು ಕೊಟ್ಟಿತು. ನಿವಾಸಿಗಳು ರಿಟ್ ಅರ್ಜಿ ಹಾಕಿದರು. ಏಕಸದಸ್ಯ ಪೀಠದಲ್ಲಿ ಸೋತು ವಿಭಾಗೀಯ ಪೀಠದಲ್ಲಿ ಗೆದ್ದರು. ಟ್ರಸ್ಟು ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಸಲ್ಲಿಸಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಮುದ್ದಪ್ಪ ಎಂದು ಹೆಸರಾದ ಈ ಮೊಕದ್ದಮೆಯಲ್ಲಿ ನ್ಯಾಯಮೂರ್ತಿಗಳಾದ ತೊಮ್ಮೆನ್ ಮತ್ತು ಸಹಾಯ್ ಅವರು 1991ರಲ್ಲಿ ಮೇಲ್ಮನವಿಯನ್ನು ವಜಾಮಾಡಿದರು.

ಟ್ರಸ್ಟಿನ ಪಕ್ಷದ ವಾದ ದುರ್ಬಲವಾಗಿರಲಿಲ್ಲ. ಆಸ್ಪತ್ರೆಯೂ ಜನೋಪಯೋಗಿ, ಉದ್ಯಾನವೂ ಜನೋಪಯೋಗಿ. ಯೋಜನೆಯನ್ನು ಮಾರ್ಪಡಿಸುವ ಅಧಿಕಾರ ಪ್ರಾಧಿಕಾರಕ್ಕಿದೆ. ನಿರ್ದೇಶನ ಕೊಡುವ ಅಧಿಕಾರ ಸರ್ಕಾರಕ್ಕಿದೆ. ನ್ಯಾಯಾಲಯದ ಉತ್ತರವನ್ನು ಶಬ್ದಾರ್ಥ ವಿಚಾರ ಬಲ್ಲವರು ಮೆಚ್ಚದಿರಲಾರರು. ಮಾರ್ಪಡಿಸುವ ಅಧಿಕಾರವೆಂದರೆ ಯೋಜನೆಯನ್ನು ಉತ್ತಮಗೊಳಿಸುವ ಅಧಿಕಾರವೇ ಹೊರತು ಅದರ ಉದ್ದೇಶವನ್ನೇ ಕೆಡಿಸುವ ಅಧಿಕಾರವಲ್ಲ. ನಿರ್ದೇಶನವೆಂಬುದು ಅಧಿನಿಯಮದ ಉದ್ದೇಶಸಾಧನೆಗಾಗಿ ಇರತಕ್ಕುದು, ಅದನ್ನು ಮೀರುವುದಕ್ಕಾಗಿ ಅಲ್ಲ. ರೋಗಿಗಳಿಗೆ ಆಸ್ಪತ್ರೆ ಬೇಕು, ನಿಜ. ರೋಗ ಬಾರದಂತೆ ಉಸಿರಾಡಲು ಬಯಲೂ ಬೇಕು. ಅಲ್ಲದೆ ಉದ್ಯಾನವು ಎಲ್ಲರದು, ಖಾಸಗಿ ಆಸ್ಪತ್ರೆಯು ಹಣ ತೆರಬಲ್ಲವರದು. ನಿವಾಸಿಗಳಿಗೆ ದೂರುವ ಹಕ್ಕೇ ಇಲ್ಲವೆಂಬ ಆಕ್ಷೇಪಣೆಯೂ ನಿಲ್ಲಲಿಲ್ಲ. ಈ ನಡುವೆ 1984ರಲ್ಲಿ ಪ್ರಾಧಿಕಾರದ ಅಧಿನಿಯಮಕ್ಕೆ 38-ಎ ಪ್ರಕರಣ ಸೇರಿ, ಉದ್ಯಾನ ಮತ್ತು ಆಟದ ಬಯಲುಗಳನ್ನು ಅನ್ಯ ಕಾರ್ಯಕ್ಕೆ ಪರಭಾರೆ ಮಾಡಲಾಗದೆಂಬುದು ಸ್ಪಷ್ಟವಾಗಿಯೇ ನಮೂದಾಗಿತ್ತು.

ಠರಾವಿನಿಂದ ತೀರ್ಪಿನವರೆಗೆ ಹದಿನೈದು ವರ್ಷಗಳು ಸಂದವು. 1976ರಲ್ಲಿಯೇ “ಈ ಅಧಿಕಾರ ನಮಗಿಲ್ಲ” ಎಂಬ ಒಂದು ಪುಟದ ಅಭಿಪ್ರಾಯಕ್ಕೆ ಮನ್ನಣೆ ದೊರೆತಿದ್ದರೆ ಅಷ್ಟೂ ವರ್ಷಗಳು ಉಳಿಯುತ್ತಿದ್ದವು. ಟ್ರಸ್ಟು ಕೂಡ ಬೇರೆಡೆ ನಿವೇಶನ ಪಡೆದು ಆಸ್ಪತ್ರೆ ಕಟ್ಟಿಕೊಳ್ಳಬಹುದಾಗಿತ್ತು. ನಗರದ ನ್ಯಾಯವಾದಿಯ ಶ್ರೇಷ್ಠವಾದ ಕೆಲಸವು ಯಾವ ಕಾನೂನು ವರದಿಯಲ್ಲಿಯೂ ಅಚ್ಚಾಗುವುದಿಲ್ಲ. ಅದು ಹಸುರು ಕಾಗದದ ಟಿಪ್ಪಣಿಯಲ್ಲಿರುತ್ತದೆ, ಅದರ ಫಲವು ನಡೆಯದೇ ಹೋದ ಮೊಕದ್ದಮೆ. ಕೆಟ್ಟ ಕೆಲಸಕ್ಕೆ ಇಲ್ಲವೆನ್ನಲು ಧೈರ್ಯ ಸಾಕು. ಒಳ್ಳೆಯ ಕೆಲಸ ತಪ್ಪು ನೆಲವನ್ನು ಕೇಳಿದಾಗ ಇಲ್ಲವೆನ್ನಲು ಧೈರ್ಯದ ಜೊತೆಗೆ ವಿವೇಕವೂ, ಬೈಗುಳವನ್ನು ಸಹಿಸುವ ತಾಳ್ಮೆಯೂ ಬೇಕು.

ಹಾಗೆಂದು ಈ ನ್ಯಾಯವಾದಿಯ ಕಾಠಿಣ್ಯವು ಒಂದೇ ಮುಖದ್ದಾಗಬಾರದು. ಅಕ್ರಮ ಕಟ್ಟಡವನ್ನು ಕೆಡಹುವಾಗಲೂ ವಿಧಿಯುಂಟು. 1976ರ ಪೌರನಿಗಮಗಳ ಅಧಿನಿಯಮದ 321ನೆಯ ಪ್ರಕರಣದಂತೆ ಆಯುಕ್ತರು ಮೊದಲು ತಾತ್ಕಾಲಿಕ ಆದೇಶ ಹೊರಡಿಸಿ, ಕಾರಣ ಕೇಳಿ ನೋಟೀಸು ಕೊಟ್ಟು, ಉತ್ತರವನ್ನು ಪರಿಶೀಲಿಸಿದ ಬಳಿಕವೇ ಸ್ಥಿರೀಕರಿಸಬೇಕು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು 15 ದಿನಗಳ ನೋಟೀಸಿಲ್ಲದೆ ಕಟ್ಟಡ ಕೆಡಹಬಾರದೆಂದು ದೇಶಕ್ಕೆಲ್ಲ ನಿರ್ದೇಶನವಿತ್ತಿದೆ. ರಸ್ತೆ, ಕಾಲುದಾರಿ ಮೊದಲಾದ ಸಾರ್ವಜನಿಕ ಸ್ಥಳಗಳ ಒತ್ತುವರಿಗೆ ಮಾತ್ರ ಅದು ಅನ್ವಯಿಸದು. ಬಡವನ ಗೋಡೆಗೆ ಒಂದು ನ್ಯಾಯ, ಬಲ್ಲಿದನ ಮಾಳಿಗೆಗೆ ಇನ್ನೊಂದು ನ್ಯಾಯ ಆಗದಂತೆ ನೋಡಿಕೊಳ್ಳುವುದೂ ಆ ಅಧಿಕಾರಿಯದೇ ಹೊಣೆ.

ಮಠಗಳ, ಟ್ರಸ್ಟುಗಳ ವಿದ್ಯಾಸಂಸ್ಥೆಗಳು ಬೆಳೆಯುತ್ತಿರುವ ಈ ಕಾಲದಲ್ಲಿ ಮೇಲಿನ ತೀರ್ಪು ಪರರ ಕಥೆಯೆಂದು ಭಾವಿಸತಕ್ಕುದಲ್ಲ. ಶಾಲೆಯೂ ಪ್ರಸಾದನಿಲಯವೂ ಆಸ್ಪತ್ರೆಯಷ್ಟೇ ಒಳ್ಳೆಯ ಕಾರ್ಯಗಳು. ಉದ್ಯಾನದ ನೆಲವು ಅವುಗಳಿಗೂ ಸಲ್ಲದು. ಬಡಾವಣೆಗಳಲ್ಲಿ ಇಂತಹ ಕಾರ್ಯಗಳಿಗಾಗಿಯೇ ನಾಗರಿಕ ಸೌಲಭ್ಯ ನಿವೇಶನಗಳನ್ನು ಬೇರೆಯಾಗಿ ಕಾದಿರಿಸಿರುತ್ತಾರೆ. ಅರ್ಜಿ ಅವುಗಳಿಗೆ ಹೋಗಬೇಕು. ದಾನವಾಗಿ ಬರುವ ನೆಲದಲ್ಲಿಯೂ ದಾನಪತ್ರಕ್ಕೆ ರುಜು ಬೀಳುವ ಮೊದಲು ಪಹಣಿಯೊಂದನ್ನೇ ನೋಡಿ ತೃಪ್ತಿಪಡಬಾರದು. ಆ ಸರ್ವೆ ನಂಬರು ಯೋಜನೆಯ ನಕ್ಷೆಯಲ್ಲಿ ಯಾವ ಬಣ್ಣದೊಳಗೆ ಬಿದ್ದಿದೆ, ರಸ್ತೆಗೆಂದು ಗುರುತಾಗಿದೆಯೇ, ಕೃಷಿಯ ನೆಲವಾದರೆ ಪರಿವರ್ತನೆಯಾಗಿದೆಯೇ ಎಂಬುದನ್ನು ಯೋಜನಾ ಪ್ರಾಧಿಕಾರದ ಕಛೇರಿಯಲ್ಲಿ ಕೇಳಿ ಬರಹದಲ್ಲಿ ಪಡೆಯಬೇಕು. ಬಳಕೆಯ ಬದಲಾವಣೆ ಅವಶ್ಯವಾದರೆ 1961ರ ಅಧಿನಿಯಮದ 14-ಎ ಪ್ರಕರಣದಂತೆ ಅರ್ಜಿ ಸಲ್ಲಿಸಬೇಕು. ಅಲ್ಲಿ ಸಾರ್ವಜನಿಕರ ಆಕ್ಷೇಪಣೆಗಳಿಗೂ ಅವಕಾಶವುಂಟು. ಆ ಆಕ್ಷೇಪಣೆಗಳನ್ನು ಓದಿ ಅಭಿಪ್ರಾಯ ಬರೆಯುವ ಕಾನೂನು ಅಧಿಕಾರಿಯು ಇದೇ ಶಾಲೆಯ ಹಳೆಯ ವಿದ್ಯಾರ್ಥಿಯಾಗಿದ್ದರೂ ಸಂಸ್ಥೆಯು ಅವನಿಂದ ನಿರೀಕ್ಷಿಸಬೇಕಾದುದು ಕಡತದ ಸರಿಯಾದ ಓದನ್ನು ಮಾತ್ರ.