ಮಿದುಳಿನ ಚಿತ್ರಣದಲ್ಲಿ ಹಸಿವು

ದೇಹಕ್ಕೆ ಊಟ ಬೇಕೆಂದು ತಿಳಿಸುವುದು ಮಿದುಳಿನ ತಳದ ಹೈಪೋಥಲಾಮಸ್. ಹೊಟ್ಟೆ ತುಂಬಿದ್ದರೂ ಮೈಸೂರು ಪಾಕ್ ಕಂಡು ಬಾಯಲ್ಲಿ ನೀರೂರುವುದು ಇನ್ಸುಲಾ, ಅಮಿಗ್ಡಲಾದಂಥ ಭಾಗಗಳ ಕೆಲಸ.

ಮಿದುಳಿನ ಈ ಕೆಲಸವನ್ನು ನೋಡುವ ಸ್ಕ್ಯಾನ್ ಸಾಧನ ಎಫ್‌ಎಂಆರ್‌ಐ. ಇದು ನರಗಳ ವಿದ್ಯುತ್ತನ್ನು ಅಳೆಯುವುದಿಲ್ಲ; ರಕ್ತದ ಆಮ್ಲಜನಕದ ಏರಿಳಿತವನ್ನು ಹಿಡಿಯುತ್ತದೆ. ಬೋಲ್ಡ್ ಎಂಬ ಈ ತತ್ತ್ವವನ್ನು ವಿಜ್ಞಾನಿ ಸೇಜಿ ಒಗಾವಾ 1990ರಲ್ಲಿ ವಿವರಿಸಿದರು. ವಿಕಿರಣಶೀಲ ವಸ್ತು ಬೇಕಾಗುವುದು ಇದಕ್ಕಲ್ಲ, ಪೆಟ್ ಸ್ಕ್ಯಾನ್‌ಗೆ.

ಎಫ್‌ಎಂಆರ್‌ಐ ಬಳಸಿದ 2014ರ ಆಮ್‌ಸ್ಟರ್‌ಡ್ಯಾಮ್ ಅಧ್ಯಯನ ಮುಖ್ಯ. 48 ಮಂದಿಯನ್ನು ಸ್ಕ್ಯಾನರಿನಲ್ಲಿ ಮಲಗಿಸಿ ತಿಂಡಿಯ ಚಿತ್ರ ತೋರಿಸಿದರು. ಬೊಜ್ಜು ಇದ್ದವರ ಮಿದುಳು, ಟೈಪ್ 2 ಮಧುಮೇಹ ಇರಲಿ ಬಿಡಲಿ, ತೆಳ್ಳಗಿನವರದಕ್ಕಿಂತ ಹೆಚ್ಚು ಸ್ಪಂದಿಸಿತು. ಜಿಎಲ್‌ಪಿ-1 ಎಂಬ ಹಾರ್ಮೋನಿನ ಗ್ರಾಹಕವನ್ನು ಪ್ರಚೋದಿಸುವ ಎಕ್ಸೆನಟೈಡ್ ಔಷಧ ಕೊಟ್ಟಾಗ ಆ ಸ್ಪಂದನವೂ ತಿಂದ ಪ್ರಮಾಣವೂ ತಗ್ಗಿದವು. ಬೊಜ್ಜನ್ನು ಬರೀ ನಾಲಿಗೆ ಚಪಲ ಎನ್ನುವವರು ಇದನ್ನು ಗಮನಿಸಬೇಕು.

ಎಕ್ಸೆನಟೈಡ್‌ನ ಮೂಲ: ಗಿಲಾ ಮಾನ್‌ಸ್ಟರ್ ಎಂಬ ವಿಷಹಲ್ಲಿಯ ಜೊಲ್ಲು. ಹಸಿವಿನ ಇತರ ಹಾರ್ಮೋನುಗಳಲ್ಲಿ 1994ರಲ್ಲಿ ಪತ್ತೆಯಾದ ಲೆಪ್ಟಿನ್ ಹಸಿವು ತಗ್ಗಿಸುತ್ತದೆ, 1999ರಲ್ಲಿ ಪತ್ತೆಯಾದ ಗ್ರೆಲಿನ್ ಕೆರಳಿಸುತ್ತದೆ.

ಹೆಸರು ಹೋಲುತ್ತದೆಂದು ಗೊಂದಲ ಬೇಡ: ಇನ್ಸುಲಾ ಮಿದುಳಿನ ಭಾಗ, ಇನ್ಸುಲಿನ್ ಮೇದೋಜೀರಕ ಗ್ರಂಥಿಯ ಹಾರ್ಮೋನು. ಎರಡೂ ಹೆಸರಿನ ಬೇರು ಲ್ಯಾಟಿನ್‌ನ ‘ದ್ವೀಪ’.