ಜಾಂಬವಂತನಿಲ್ಲದ ಮನೆಯಲ್ಲಿ

ತಮ್ಮ ನಾಲ್ಕು ಪುಟಗಳ ಪತ್ರದಲ್ಲಿ ‘ನನ್ನಿಂದೇನೂ ಆಗದು’ ಎಂಬ ಮಾತು ಐದು ಸಲ ಬಂದಿದೆಯಾದರೂ, ನೆರೆಮನೆಯ ವೃದ್ಧೆಗೆ ಪಿಂಚಣಿಯ ಅರ್ಜಿಯನ್ನು ಬರೆದು, ಕಚೇರಿಗೆ ಮೂರು ಬಾರಿ ಅಲೆದು, ಮಂಜೂರು ಮಾಡಿಸಿಕೊಟ್ಟ ಸಂಗತಿಯನ್ನು ಮಾತ್ರ ಪುಟದ ಅಂಚಿನಲ್ಲಿ ಒಂದೇ ಸಾಲಿಗೆ ಮುಗಿಸಿರುವಿರಿ. ಸಮುದ್ರತೀರದಲ್ಲಿ ಮೌನವಾಗಿ ಕುಳಿತಿದ್ದ ಹನುಮಂತನಿಗೆ ಅವನ ಬಲವನ್ನು ಜಾಂಬವಂತನು ನೆನಪಿಸಬೇಕಾಯಿತು. ತಮ್ಮ ಮನೆಯಲ್ಲಿ ಅಂಥವರಿಲ್ಲವೆಂದು ತೋರುತ್ತದೆ. ಚಿಂತೆಯಿಲ್ಲ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರರು 1977ರಲ್ಲಿ ಪ್ರತಿಪಾದಿಸಿದಂತೆ, ಸ್ವಸಾಮರ್ಥ್ಯದಲ್ಲಿನ ನಂಬಿಕೆಗೆ ಪರರ ಪ್ರೋತ್ಸಾಹಕ್ಕಿಂತಲೂ ಸ್ವತಃ ಸಾಧಿಸಿದ ಕಾರ್ಯದ ಅನುಭವವೇ ಪ್ರಬಲತರವಾದ ಆಧಾರ. ಹೊಗಳಿಕೆಯಾದರೋ, ಲೋಟದ ಕಾಫಿಯಂತೆ, ಬೇಗ ಆರುತ್ತದೆ. ಆದಕಾರಣ ಆ ಅರ್ಜಿಯ ಪ್ರಸಂಗದಲ್ಲಿ ವ್ಯಕ್ತವಾದ ತಾಳ್ಮೆ, ಭಾಷಾಶುದ್ಧಿ, ಅಧಿಕಾರಿಯೆದುರು ಕುಗ್ಗದ ವಿನಯ ಇವುಗಳನ್ನು ಇಂದೇ ನೋಟುಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿರಿ. ತಾವು ಪತ್ರದಲ್ಲಿ ತಿಳಿಸಿರುವ ಸಂದರ್ಶನಕ್ಕೆ ಇನ್ನೂ ಹನ್ನೆರಡು ದಿನಗಳಿವೆ, ದಯವಿಟ್ಟು ಹೋಗಿಬನ್ನಿ.